ಇಳಿಜಾರಿನಲ್ಲಿ ಹರಳೆಣ್ಣೆ ವಾಸನೆ

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಬೆಳಿಗ್ಗೆ ಮಗುವಿಗೆ ನೀರು ಹಾಕುವ ಮುಂಚೆ ಅವಳ ತಾಯಿ ಕಬ್ಬಿಣದ ಸೌಟಿನಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡುತ್ತಾರೆ. ಅದರ ವಾಸನೆ ಬೇಲಿ ದಾಟಿ ಬರುವಷ್ಟರಲ್ಲಿ ನಾನು ಎಲ್ಲಿದ್ದರೂ ಓಡಿ ಬಂದು ಹಿತ್ತಲ ಬಾಗಿಲು ಹಾಕಿಕೊಳ್ಳುತ್ತೇನೆ. ಮೊದಲ ದಿನ ಅದು ಬಂದಾಗ ಅಕ್ಕಿ ತೊಳೆಯುತ್ತಿದ್ದೆ. ಎರಡೂ ಕೈಯ ಬೆರಳುಗಳು ತಾವಾಗಿಯೇ ಮಡಚಿಕೊಂಡು, ಅಲ್ಲಿಲ್ಲದ ಬ್ರೇಕನ್ನು ಹಿಡಿದು ಹಿಸುಕಿದವು. ಅಕ್ಕಿಯೆಲ್ಲ ಬಚ್ಚಲ ಪಾಲಾಯಿತು.

ನನಗೇನೂ ಹೊಸ ವಾಸನೆಯಲ್ಲ ಅದು. ಕೆ.ಆರ್. ನಗರದ ತವರಿನಲ್ಲಿ ಅಮ್ಮ ನನ್ನ ನೆತ್ತಿಗೆ ಅದನ್ನೇ ತಟ್ಟಿ ಬೆಳೆಸಿದ್ದು. ಆದರೆ ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ, ಮಾರಿಗುಡಿ ದಿಣ್ಣೆಯ ಇಳಿಜಾರಿನಲ್ಲಿ, ಅದೇ ವಾಸನೆ ಸುಟ್ಟು ಕಮಟಾಗಿ ನನ್ನ ಮುಖಕ್ಕೆ ಬಡಿಯಿತು. ಅಂದಿನಿಂದ ಅದು ಬಂದರೆ ನನ್ನ ಕಣ್ಣ ಮುಂದೆ ಒಂದು ಬೆನ್ನು ಇಳಿಜಾರಿನಲ್ಲಿ ದೂರವಾಗುತ್ತಾ ಹೋಗುತ್ತದೆ.

ಆ ಬೆನ್ನು ನನ್ನ ನಾದಿನಿ ಶಶಿಕಲಾಳದು.

ಹೋದ ವರ್ಷ ಮಳೆ ಬೇಗ ಹಿಡಿಯಿತು. ವಯನಾಡಿನಲ್ಲಿ ಸುರಿದದ್ದೆಲ್ಲ ಕಬಿನಿಗೆ ಬಂತು. ಬೀಚನಹಳ್ಳಿಯ ನಮ್ಮ ಮನೆ ಅಣೆಕಟ್ಟೆಗೆ ದೂರವಿಲ್ಲ. ಗೇಟು ತೆಗೆದರೆ ಕಿಟಕಿಯ ಸರಳುಗಳು ಸಣ್ಣಗೆ ನಡುಗುತ್ತವೆ. ನನ್ನ ಗಂಡ ನಾಗೇಶ್ ಕಾಲುವೆಯ ಸೌಡಿ. ಯಾವ ತೂಬಿಗೆ ಎಷ್ಟು ನೀರು ಹೋಗಬೇಕೋ ನೋಡಿ ಬಿಡುವುದು, ಕಾಯುವುದು ಅವರ ಕೆಲಸ. ಕಾಲುವೆಗೆ ಯಾರಾದರೂ ಬಿದ್ದರೆ ಎತ್ತಲು ಮೊದಲು ಕರೆಯುವುದೂ ಅವರನ್ನೇ. ಎರಡೂ ಬದಿಗೆ ಸಿಮೆಂಟು ಬಳಿದ ಕಾಲುವೆ ಅದು. ಪಾಚಿ ಕಟ್ಟಿದ ಆ ಗೋಡೆಯ ಮೇಲೆ ಈಜು ಬಲ್ಲವನ ಕೈಯೂ ನಿಲ್ಲುವುದಿಲ್ಲ. ಅಂಥ ಕೆಲಸ ಮುಗಿಸಿ ಬಂದ ದಿನ ನಾಗೇಶ್ ಊಟ ಮಾಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನೀರಿನ ಒತ್ತಡ, ಘರ್ಷಣೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ವಿವರಿಸುತ್ತೇನೆ. ಆ ಅಂಗೈ ನೋಡಿದ ದಿನಗಳಲ್ಲಿ ಮಾತ್ರ ಊಟ ಮುಚ್ಚಿಟ್ಟು ಅವರ ಪಕ್ಕ ಕೂತುಬಿಡುತ್ತಿದ್ದೆ.

ಶಶಿ ಡಿಗ್ರಿ ಮುಗಿಸಿ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿನಲ್ಲಿ ಕೋಣೆಗಳನ್ನು ಸಜ್ಜು ಮಾಡುವ ಕೆಲಸಕ್ಕೆ ಸೇರಿದ್ದಳು. ದಸರಾ ಕಳೆದ ಮೇಲೆ ಅಲ್ಲಿಗೆ ಬರುವ ಅತಿಥಿಗಳನ್ನು ಎನ್. ಬೇಗೂರಿನ ಕಡೆಯ ಹಳ್ಳಿ ದಾರಿಗಳಲ್ಲಿ ಸೈಕಲ್ ಮೇಲೆ ಕರೆದುಕೊಂಡು ಹೋಗುತ್ತಾರೆ. ಮುಂದೆ ಹೋಗಿ ದಾರಿ ತೋರಿಸುವವರು ಬೇಕಾಗಿದ್ದರು. ದಾರಿಯಲ್ಲಿ ಸೈಕಲ್ ಕೆಟ್ಟರೆ ಅಲ್ಲೇ ಬಿಚ್ಚಿ ಸರಿ ಮಾಡಬಲ್ಲವರಿಗೆ ಆ ಕೆಲಸ ಎಂದು ಮ್ಯಾನೇಜರ್ ಹೇಳಿದ್ದರು. ಹಾಸಿಗೆ ಬಟ್ಟೆ ಮಡಚಿ ಮಡಚಿ ಬೇಸತ್ತಿದ್ದ ಶಶಿ, ರೆಸಾರ್ಟಿನವರು ಮೂಲೆಗೆಸೆದಿದ್ದ ಎರಡು ಹಳೆಯ ಮೌಂಟನ್ ಬೈಕುಗಳನ್ನು ಕೇಳಿ ಪಡೆದು, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದಳು.

"ಒಂದು ನಂದು, ಒಂದು ನಿಂದು ಅತ್ತಿಗೆ," ಅಂದಳು. "ನೀನೂ ಕಲಿ. ನನ್ ಹಿಂದೆ ಗೆಸ್ಟ್ ತರ ಬರೋಕೆ ಒಬ್ರು ಬೇಕಲ್ಲ."

ನಡುಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಕ್ಕೆಯೊಂದಿದೆ. ಶಶಿ ಅದಕ್ಕೆ ಹಗ್ಗ ಹಾಕಿ ಸೈಕಲ್ಲನ್ನು ಸೀಟಿನಿಂದ ನೇತು ಹಾಕಿದಳು. ಚಕ್ರ ನೆಲ ಮುಟ್ಟದೆ ಆರಾಮಾಗಿ ತಿರುಗುತ್ತಿತ್ತು. ಮಳೆ ಹಿಡಿದು ಕೂತ ಆ ತಿಂಗಳುಗಳಲ್ಲಿ ನಮ್ಮಿಬ್ಬರ ಸಂಜೆ ಅಲ್ಲೇ ಕಳೆಯಿತು. ಹಳೆಯ ಟೂತ್ ಬ್ರಶ್ಶಿನಲ್ಲಿ ಚೈನಿನ ಒಂದೊಂದು ಗೆಣ್ಣನ್ನೂ ಉಜ್ಜಿದೆವು. ಸವೆದ ಹಲ್ಲುಚಕ್ರ ತೆಗೆದು ಹೊಸದು ಹಾಕಿದೆವು. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ವಿಡಿಯೊ ನೋಡುವುದು, ನಿಲ್ಲಿಸುವುದು, ಪಾನಾ ತಿರುಗಿಸುವುದು, ಮತ್ತೆ ನೋಡುವುದು. ನಾನು ಹೆಚ್ಚಾಗಿ ಹಿಡಿದುಕೊಳ್ಳುವವಳು. ಬಿಗಿ ಮಾಡುವವಳು ಅವಳೇ. ಬಿಗಿ ಮಾಡಿದ ಪ್ರತಿ ನಟ್ಟಿಗೂ ಉಗುರು ಬಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದಳು. ಸಡಿಲವಾದರೆ ಗೀಟು ಅಡ್ಡ ಸರಿದು ತಿಳಿಯುತ್ತದಂತೆ.

ನಮ್ಮ ಮಾವ ಶಿವಮಲ್ಲಪ್ಪನವರು ಹೊಲದಿಂದ ಬಂದು ಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟು, ಗೋಡೆಗೊರಗಿ ಕೂತು ನಮ್ಮನ್ನು ನೋಡುತ್ತಿದ್ದರು.

"ತೊಟ್ಲು ಕಟ್ಟೋ ಜಾಗ್ದಾಗೆ ಸೈಕಲ್ ಕಟ್ಟವ್ರೆ," ಅನ್ನುತ್ತಿದ್ದರು. "ಜೋಗುಳ ಒಂದು ಆಡ್ಬುಡಿ, ಮಲೀಕಬುಡ್ಲಿ."

"ಆಡ್ತೀನಿ ಕಣಪ್ಪಾಜಿ. ನೀನು ತೂಗು," ಅನ್ನುತ್ತಿದ್ದಳು ಶಶಿ.

ಮಾವ ಒಂದು ಕಾಲದಲ್ಲಿ ಗಾಡಿ ಹೊಡೆದವರು. ಎತ್ತು, ಗಾಡಿ ಎರಡೂ ಹೋಗಿ ಎಷ್ಟೋ ಕಾಲವಾಗಿತ್ತು. ಗಾಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯ ಬಿದಿರು ಗೊಟ್ಟ ಮಾತ್ರ ಕೊಟ್ಟಿಗೆಯ ಕಂಬದ ಮೊಳೆಗೆ ನೇತಾಡುತ್ತಿತ್ತು, ಯಾವಾಗಲೂ ತುಂಬಿ. ಬಾಗಿಲ ತಿರುಗಣಿಗೆ, ಬಾವಿಯ ರಾಟೆಗೆ, ಕುಡುಗೋಲಿಗೆ, ನಾಗೇಶರ ಬೈಕಿನ ಸ್ಟ್ಯಾಂಡಿಗೆ ಅದರಿಂದಲೇ ಎಣ್ಣೆ. ಎಲ್ಲಿಯಾದರೂ ಕಬ್ಬಿಣ ಸದ್ದು ಮಾಡಿದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ಕಬ್ಬಿಣ ಮೂಕ ಪ್ರಾಣಿ ಕಣವ್ವ," ಎಂದು ನನಗೊಮ್ಮೆ ಹೇಳಿದ್ದರು. "ಬಾಯಾರ್ಕೆ ಅಂತ ಬಾಯ್ಬುಟ್ಟು ಕೇಳಕಿಲ್ಲ. ಕಿರುಗುಡ್ತದೆ, ಅಷ್ಟೇಯ. ನಾವೇ ಅರ್ಥ ಮಾಡ್ಕಂಡು ಕುಡಿಸ್ಬೇಕು."

ನವರಾತ್ರಿ ಹತ್ತಿರವಾದಾಗ ಶಶಿ ತನ್ನ ಸೈಕಲ್ಲಿನ ಕೊನೆಯ ಕೆಲಸಕ್ಕೆ ಕೈ ಹಾಕಿದಳು. ಚಕ್ರದ ಅಂಚನ್ನು ಎರಡು ರಬ್ಬರ್ ತುಂಡುಗಳು ಒತ್ತಿ ಹಿಡಿಯುವ ಹಳೆಯ ಬ್ರೇಕ್ ತೆಗೆದು, ಡಿಸ್ಕ್ ಬ್ರೇಕ್ ಹಾಕುವುದು. ಚಕ್ರದ ನಡುವೆ ಒಂದು ಉಕ್ಕಿನ ತಟ್ಟೆ, ಅದನ್ನು ಎರಡೂ ಕಡೆಯಿಂದ ಕಚ್ಚಿ ನಿಲ್ಲಿಸುವ ಎರಡು ಪ್ಯಾಡು. ಮಳೆಯಲ್ಲಿ, ಕೆಸರಿನಲ್ಲಿ ರಬ್ಬರ್ ಜಾರುತ್ತದೆ, ಇದು ಜಾರುವುದಿಲ್ಲ ಎಂದು ವಿಡಿಯೊದವನು ಹೇಳಿದ್ದ. ನನ್ನ ಸೈಕಲ್ಲಿಗೆ ಹಳೆಯದೇ ಇರಲಿ ಎಂದೆ. ಅವಳು ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ತಟ್ಟೆಗಳನ್ನು ಒರೆಸುವಾಗ ನಾನು ಒಂದನ್ನು ಎತ್ತಿಕೊಡಲು ಹೋದೆ.

"ಮುಟ್ಬೇಡ ಅತ್ತಿಗೆ! ಅಂಚು ಹಿಡ್ಕೊ. ಬೆರಳ ಜಿಡ್ಡೂ ಆಗಿಬರಲ್ಲ ಇದಕ್ಕೆ."

ಆ ಹೊತ್ತಿನಲ್ಲಿ ಮಾವ ಜೋಳದ ಹೊಲದಲ್ಲಿದ್ದರು. ಸಂಜೆ ಬಂದು ನೇತಾಡುವ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು.

"ಇದೇನಮ್ಮಿ, ಚಕ್ರದೊಳೀಕೆ ಉಣ್ಣೋ ತಟ್ಟೆ ಇಟ್ಟಿದ್ದೀಯ?"

"ಬ್ರೇಕು ಕಣಪ್ಪಾಜಿ."

"ಇಷ್ಟೊಂದು ತೂತು ಬಿದ್ದೋಗದಲ್ಲೇ! ಮೋಸ ಮಾಡವ್ರೆ ನಿಂಗೆ. ವಾಪಸ್ ಕೊಟ್ಬುಡು."

"ಬಿಸಿ ಆರ್ಲಿ ಅಂತ ಅವ್ರೇ ತೂತು ಬುಟ್ಟಿರೋದು."

ಶಶಿ ಅಂಗಳದಲ್ಲಿ ಸುತ್ತು ಹಾಕಿ ಬ್ರೇಕ್ ಹಿಡಿದಳು. ಕಿರ್ರ್ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ ಸೈಕಲ್ಲು ನೆಟ್ಟಂತೆ ನಿಂತಿತು. ಹೊಸ ಪ್ಯಾಡಿಗೆ ಅದು ಸಹಜ, ಓಡಿಸುತ್ತಾ ಹೋದರೆ ನಿಲ್ಲುತ್ತದೆ ಎಂದಳು. ಅವಳ ಮುಖ ಹೊಳೆಯುತ್ತಿತ್ತು. ಮತ್ತೆ ಸುತ್ತಿದಳು, ಮತ್ತೆ ಕಿರ್ರ್. ನಾನು ನಕ್ಕು ಚಪ್ಪಾಳೆ ತಟ್ಟಿದೆ. ಮಾವ ನಗಲಿಲ್ಲ. ಆ ಸದ್ದು ಕೇಳಿದಾಗಲೆಲ್ಲ ಅವರ ಮುಖ, ಹಲ್ಲು ನೋವು ಬಂದವರಂತೆ ಕಿವುಚುತ್ತಿತ್ತು.

"ಅಳ್ತಾ ಅದಲ್ಲೇ ಅದು," ಎಂದರು.

ಆಯುಧಪೂಜೆಯ ದಿನ ನಾವಿಬ್ಬರೂ ಒಲೆಯ ಮುಂದೆ ಹೋಳಿಗೆಯಲ್ಲಿ ಮುಳುಗಿದ್ದೆವು. ಹೊರಗಿನ ಪೂಜೆ ಮಾವನದು. ಗುದ್ದಲಿ, ಕುಡುಗೋಲು, ನೇಗಿಲ ಗುಳ, ಔಷಧಿ ಹೊಡೆಯುವ ಕ್ಯಾನು, ನಾಗೇಶರ ಬೈಕು, ನಮ್ಮ ಸೈಕಲ್ಲು ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ನಾನು ಬಾಳೆಎಲೆ ಕೊಯ್ಯಲು ಬಂದಾಗ ಎರಡು ಸೈಕಲ್ಲೂ ಚೆಂಡುಹೂವಿನ ಹಾರದಲ್ಲಿ ಮುಳುಗಿದ್ದವು. ಹ್ಯಾಂಡಲ್ಲಿನ ಮೇಲೆ ಮೂರು ಎಳೆ ವಿಭೂತಿ. ಚಕ್ರದಡಿಯಲ್ಲಿ ನಿಂಬೆಹಣ್ಣು. ಮಂಗಳಾರತಿ ತೆಗೆದುಕೊಂಡು ಶಶಿ ಫೋಟೊ ಹೊಡೆದುಕೊಂಡಳು. ಆ ದಿನ ಸೈಕಲ್ಲು ಹತ್ತುವಂತಿಲ್ಲ, ಪೂಜೆಗೆ ಕೂತದ್ದು.

ಮಾರನೆಯ ದಿನ ವಿಜಯದಶಮಿ. ಮ್ಯಾನೇಜರು ಶಶಿಯನ್ನು ಪರೀಕ್ಷೆಗೆ ಕರೆದದ್ದು ಅದರ ಮುಂದಿನ ದಿನ. ಕೊನೆಯದಾಗಿ ಒಮ್ಮೆ ಪರೀಕ್ಷೆಯ ದಾರಿಯಲ್ಲೇ ಹೋಗಿ ಬರೋಣ ಎಂದಳು. ಹಾರ ತೆಗೆದು ತುಳಸಿ ಗಿಡದ ಬುಡಕ್ಕೆ ಹಾಕಿ ಇಬ್ಬರೂ ಹೊರಟೆವು. ಗೇಟಿನ ಬಳಿ ಅವಳು ಬ್ರೇಕ್ ಹಿಡಿದು ನೋಡಿದಳು. ಸದ್ದಿಲ್ಲ.

"ನೋಡಿದ್ಯಾ ಅತ್ತಿಗೆ, ಕಿರುಚೋದು ನಿಂತೋಯ್ತು. ಪ್ಯಾಡು ಕೂತ್ಕೊಂಡ್ತು."

ಒಂದು ಮಾರು ಮುಂದೆ ಹೋಗಿ ಮತ್ತೆ ಹಿಡಿದಳು. "ಸ್ವಲ್ಪ ಮೆತ್ತಗದೆ. ಹೊಸ ವೈರ್ ಎಳ್ಕೊಂಡಿರ್ಬೇಕು." ಲಿವರಿನ ಬುಡದ ತಿರುಪನ್ನು ಎರಡು ಸುತ್ತು ತಿರುಗಿಸಿ ಹೊರಟಳು. ಈ ಮಾತುಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಆ ಸದ್ದಿಲ್ಲದ ಬ್ರೇಕು, ಅವಳ ಆ ನಗು. ವೈರು ಹೊಸದಾಗಿದ್ದಾಗ ಎಳೆದುಕೊಳ್ಳುವುದು ನಿಜವೇ. ಅವಳು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಮನೆಯಿಂದ ಮಾರಿಗುಡಿಯವರೆಗೆ ಪೂರ್ತಿ ಏರು. ಬ್ರೇಕ್ ಬೇಕಾಗುವ ದಾರಿಯೇ ಅಲ್ಲ. ದಿಣ್ಣೆಯ ಮೇಲೆ ಗುಡಿಯ ಮುಂದೆ ನಿಂತು ಉಸಿರು ಬಿಟ್ಟೆವು. ಮಳೆ ನಿಂತು ಆಕಾಶ ತೊಳೆದಂತಿತ್ತು. ಕೆಳಗೆ ಭತ್ತದ ಗದ್ದೆ, ಅದರ ಈಚೆ ಅಂಚು ಮುಟ್ಟಿ ಹರಿಯುತ್ತಿದ್ದ ಕಾಲುವೆ. ರಸ್ತೆ ದಿಣ್ಣೆಯಿಂದ ನೆಟ್ಟಗೆ ಇಳಿದು, ಕಾಲುವೆಯ ಏರಿ ಮುಟ್ಟುವಲ್ಲಿ ಎಡಕ್ಕೆ ಕತ್ತರಿಸಿದಂತೆ ತಿರುಗುತ್ತದೆ. ತಿರುವಿನಲ್ಲಿದ್ದ ತಡೆಗಲ್ಲುಗಳಲ್ಲಿ ಕೆಲವು ಬಿದ್ದುಹೋಗಿದ್ದವು. ತಿರುವಿಗೆ ಸ್ವಲ್ಪ ಮುಂಚೆ ರಸ್ತೆಯ ಎಡ ಅರ್ಧಕ್ಕೆ ಮುಸುಕಿನ ಜೋಳ ಒಣಹಾಕಿದ್ದರು. ಇಬ್ಬರು ಹೆಂಗಸರು ಅದರ ನಡುವೆ ಕಾಲೆಳೆದು ನಡೆಯುತ್ತಾ ಕಾಳು ತಿರುವುತ್ತಿದ್ದುದು ಮೇಲಿನಿಂದ ಬೊಂಬೆಗಳಂತೆ ಕಾಣುತ್ತಿತ್ತು.

"ಬಾ ಗೆಸ್ಟಮ್ಮ, ನಿಧಾನಕ್ಕೆ ನನ್ ಹಿಂದೆ," ಎಂದು ಶಶಿ ಇಳಿದಳು.

ನಾನು ರಬ್ಬರ್ ಬ್ರೇಕನ್ನು ಹಿಡಿದು ಹಿಡಿದು ಬಿಡುತ್ತಾ ಅವಳ ಹಿಂದೆ ಬಂದೆ. ಸ್ವಲ್ಪ ದೂರ ನಮ್ಮ ನಡುವಿನ ಅಂತರ ಹಾಗೇ ಇತ್ತು. ಆಮೇಲೆ ಅದು ಬೆಳೆಯತೊಡಗಿತು. ಜೋರಾಗಿ ಹೋಗುತ್ತಿದ್ದಾಳೆ, ತುಂಟಿ ಅಂದುಕೊಂಡೆ. ಆಗ ಆ ವಾಸನೆ ಬಂತು. ಸುಟ್ಟ ಹರಳೆಣ್ಣೆ. ಈ ಬಯಲಿನಲ್ಲಿ ಯಾರು ಎಣ್ಣೆ ಕಾಯಿಸುತ್ತಿದ್ದಾರೆ ಎಂದು ನಿಜವಾಗಿಯೂ ಅತ್ತಿತ್ತ ನೋಡಿದೆ. ತಿರುಗಿ ಮುಂದೆ ನೋಡುವಷ್ಟರಲ್ಲಿ ಅವಳ ಎರಡೂ ಕಾಲು ಪೆಡಲಿನಿಂದ ಇಳಿದು ರಸ್ತೆಗೆ ಉಜ್ಜುತ್ತಿದ್ದವು.

"ಅತ್ತಿಗೇ! ಹಿಡೀತಿಲ್ಲ! ಹಿಡೀತಿಲ್ಲ ಅತ್ತಿಗೇ!"

ನಾನು ನನ್ನ ಬ್ರೇಕನ್ನು ಬಲವಾಗಿ ಅದುಮಿದೆ. ನನ್ನ ಸೈಕಲ್ಲು ನಿಂತಿತು. ಅದಕ್ಕಿಂತ ಭಯಂಕರವಾದದ್ದು ಏನೂ ಇಲ್ಲ. ನಾನು ನಿಂತೆ, ಅವಳು ಹೋಗುತ್ತಲೇ ಇದ್ದಳು. ನಾನು ಇನ್ನೂ ಬಿಗಿಯಾಗಿ ಹಿಸುಕಿದೆ, ನನ್ನ ಕೈ ಬಿಗಿದರೆ ಅವಳ ಚಕ್ರ ನಿಲ್ಲುತ್ತದೆ ಎಂಬಂತೆ. ಕೆಳಗೆ ಹೆಂಗಸರು ಸೆರಗು ಬೀಸಿ ಬೀಸಿ ಏನೋ ಕೂಗುತ್ತಿದ್ದರು. ನೇರ ಹೋದರೆ ಕಾಲುವೆ. ಎಡಕ್ಕೆ ಹೋದರೆ ಆ ಹೆಂಗಸರು, ಕಾಲಡಿ ಉರುಳುವ ಕಾಳು. ನನಗೆ ಕಂಡದ್ದು ನಾಗೇಶರ ಅಂಗೈ. ಅವರು ಎತ್ತಬೇಕಾದದ್ದು ಈ ಸಲ ಯಾರನ್ನು ಎಂದು ಮನಸ್ಸು ಹೇಳಿಬಿಟ್ಟಿತು.

ರಸ್ತೆಯ ಬಲಕ್ಕೆ, ಏರಿಯ ಅಂಚಿನಲ್ಲಿ, ಜೋಳ ಬಿಡಿಸುವ ಮೆಷಿನ್ನಿನವರು ಬಿಟ್ಟು ಹೋದ ಬೆಂಡಿನ ರಾಶಿ ಇತ್ತು. ಕಾಳು ಹೋದ ದಿಂಡು, ಸಿಪ್ಪೆ, ಹೊಟ್ಟು ಎಲ್ಲ ಸೇರಿ ಆಳೆತ್ತರ. ಶಶಿ ಹ್ಯಾಂಡಲನ್ನು ಅದರ ಕಡೆ ಎಳೆದದ್ದು ಕಂಡಿತು. ಸೈಕಲ್ಲು ರಾಶಿಗೆ ನುಗ್ಗಿತು. ಸದ್ದು ಅಷ್ಟೇನೂ ಆಗಲಿಲ್ಲ, ತಲೆದಿಂಬಿಗೆ ಗುದ್ದಿದಂತೆ. ಹಳದಿ ಹೊಟ್ಟು ಮೋಡದಂತೆ ಎದ್ದಿತು. ಆ ಮೋಡದಿಂದ ಸೈಕಲ್ಲು ಒಂದೇ ಹೊರಗೆ ಹಾರಿ, ಏರಿಯ ಆಚೆ ಬಿದ್ದು ಕಾಣದಾಯಿತು.

ಸೈಕಲ್ಲು ಎಸೆದು ಓಡಿದೆ. ಎಷ್ಟು ಓಡಿದರೂ ಆ ರಾಶಿ ಹತ್ತಿರ ಬರುತ್ತಿಲ್ಲ ಎನಿಸಿತು. ಕನಸಿನಲ್ಲಿ ಈಗಲೂ ಅಷ್ಟೇ, ಬರುವುದಿಲ್ಲ.

ಹೆಂಗಸರು ಆಗಲೇ ಬೆಂಡುಗಳನ್ನು ಬಾಚಿ ಬಾಚಿ ತೆಗೆಯುತ್ತಿದ್ದರು. ಮೊದಲು ಒಂದು ಕೈ ಕಂಡಿತು. ಆಮೇಲೆ ಹೊಟ್ಟು ಮೆತ್ತಿದ ಮುಖ. ಕಣ್ಣು ತೆರೆದಿತ್ತು. ಅವಳು ಕೆಮ್ಮಿದಾಗ ನಾನು ಆ ಕೈಯನ್ನು ಹಿಡಿದುಕೊಂಡೆ.

"ಉಸ್ರಾಡ್ತಾವ್ಳೆ, ಉಸ್ರಾಡ್ತಾವ್ಳೆ! ನೀರು ತತ್ತಾ," ಎಂದು ಹಿರಿಯವರು, ಪುಟ್ಟತಾಯಮ್ಮ, ಕೂಗಿದರು. ಶಶಿಯ ಮುಖದ ಹೊಟ್ಟನ್ನು ಸೆರಗಿನಿಂದ ಒರೆಸಿದರು. ಒರೆಸುತ್ತಲೇ ಬೈಯತೊಡಗಿದರು. "ದಾರೀಲಿ ಬೆಂಡು ಗುಡ್ಡೆ ಆಕ್ಬ್ಯಾಡಿ ಅಂತ ಊರೋರು ಬೈದು ಓಗಿದ್ರು ನಿನ್ನೇಯ. ಎತ್ಬುಟ್ಟಿದ್ರೆ ಏನವ್ವ ಗತಿ? ಅಯ್ಯೋ, ಎತ್ಬುಟ್ಟಿದ್ರೆ ಏನು ಗತಿ?"

ಶಶಿಯ ಬಲಗಡೆಯ ಕೊರಳ ಮೂಳೆ ಮುರಿದಿತ್ತು. ಪಾದದ ಚರ್ಮ ಕಿತ್ತು ಬಂದಿತ್ತು. ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಅವಳು ಹೇಳುತ್ತಿದ್ದದ್ದು ಒಂದೇ: "ಯಾವ್ ನಟ್ಟು ಸಡಿಲ ಬುಟ್ಟೆ ಅತ್ತಿಗೆ? ಎಲ್ಲದಕ್ಕೂ ಗೀಟು ಹಾಕಿದ್ನಲ್ಲ. ಯಾವ್ದು ಬುಟ್ಟೆ?"

ನಾಗೇಶ್ ಆಸ್ಪತ್ರೆಗೆ ಬಂದಾಗ ಚಪ್ಪಲಿ ಹಾಕಿರಲಿಲ್ಲ. ಕಾಲುವೆಯ ಪಕ್ಕ ಎಂದಷ್ಟೇ ಯಾರೋ ಫೋನಿನಲ್ಲಿ ಹೇಳಿದ್ದರಂತೆ. ಮಂಚದ ಮೇಲೆ ತಂಗಿಯನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ ಅವರ ಹೆದರಿಕೆಯೆಲ್ಲ ಸಿಟ್ಟಾಗಿ ಬಂತು.

"ಮನೇಲಿ ಬಿಚ್ಚಿ ಮನೇಲಿ ಜೋಡ್ಸೋಕೆ ಅದೇನ್ ಒಲೆ ಮೇಲಿನ ಪಾತ್ರೆನೇನೆ? ಇವತ್ತಿಂದ ಆ ಪಾನಾ ಪೆಟ್ಟಿಗೆ ಮುಟ್ಟುದ್ರೆ ನೋಡು. ರೆಸಾರ್ಟೂ ಬ್ಯಾಡ, ಸೈಕಲ್ಲೂ ಬ್ಯಾಡ."

ಶಶಿ ಎದುರಾಡಲಿಲ್ಲ. ಯಾವತ್ತೂ ಅಣ್ಣನಿಗೆ ಒಂದಕ್ಕೆರಡು ಉತ್ತರ ಕೊಡುವವಳು, "ಆಯ್ತಣ್ಣ," ಎಂದಳು. ಎಡಗೈಯ ಬೆರಳುಗಳನ್ನು ಮುಖದ ಮುಂದೆ ತಂದು ನೋಡಿಕೊಂಡಳು, ಅವು ಬೇರೆ ಯಾರವೋ ಎಂಬಂತೆ.

ಅವಳಿಗೆ ಬಟ್ಟೆ ತರಲು ನಾನು ಮನೆಗೆ ಬಂದೆ. ಏರಿಯ ಆಚೆ, ನೀರಿಗೆ ಬೀಳದೆ ಕಲ್ಲಿಗೆ ಸಿಕ್ಕಿಕೊಂಡಿದ್ದ ಸೈಕಲ್ಲನ್ನು ಯಾರೋ ಎಳೆದು ತಂದು ಅಂಗಳದಲ್ಲಿ ಮಲಗಿಸಿದ್ದರು. ಮಾವ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದರು.

"ಎಂಗವ್ಳೆ?"

"ಚೆನ್ನಾಗಿದ್ದಾಳೆ ಮಾವ. ಮೂಳೆ ಕೂಡುತ್ತೆ ಅಂದ್ರು."

ಕಣ್ಣು ಮುಚ್ಚಿ ಕೈ ಮುಗಿದರು. "ಶಿವ ಕಾಪಾಡ್ದ. ಪೂಜೆ ಸುಮ್ಕೆ ಓಗಕಿಲ್ಲ ಕಣವ್ವ. ಅದ್ರ ಮೈಯೆಲ್ಲ ಎಣ್ಣೆ ಕುಡ್ಸಿ, ವಿಭೂತಿ ಇಟ್ಟು, ಕೂಸು ತರ ನೋಡ್ಕಂಡೆ ನಾನು. ಆ ತಟ್ಟೆ ಅಳ್ತಾ ಇತ್ತಲ್ಲ, ಗೊಟ್ಟದಾಗಿದ್ದ ಎಣ್ಣೆನ ಬಿಸಿ ಮಾಡಿ ಅದ್ಕೇ ಎಲ್ಲಕ್ಕಿಂತ ಎಚ್ಚಾಗಿ ಬುಟ್ಟೆ. ಅದುಕ್ಕೇ ನನ್ ಮಗ ಉಳ್ಕತು."

ಇಳಿಜಾರಿನ ವಾಸನೆ ಮತ್ತೆ ಬಂತು, ಈ ಸಲ ನೆನಪಿನಿಂದ. ಬಗ್ಗಿ, ಸೈಕಲ್ಲಿನ ಮುಂದಿನ ತಟ್ಟೆಯ ಮೇಲೆ ಬೆರಳೆಳೆದು ಮೂಗಿಗೆ ಹಿಡಿದೆ. ಅಂಟು ಅಂಟಾದ ಕರಿ ಮಸಿ. ಹರಳೆಣ್ಣೆ. ಹಿಂದಿನದರಲ್ಲೂ ಅದೇ. ನನ್ನ ಸೈಕಲ್ಲಿನಲ್ಲಿ ತಟ್ಟೆಯಿರಲಿಲ್ಲ. ಅದರ ಚಕ್ರದ ಅಂಚು ಅಲ್ಯೂಮಿನಿಯಂ, ಕಬ್ಬಿಣವಲ್ಲ, ಅದಕ್ಕೆ ಅವರು ಬರೀ ವಿಭೂತಿ ಇಟ್ಟಿದ್ದರು. ಎಣ್ಣೆಯಾದ ತಟ್ಟೆ ಪ್ಯಾಡಿನ ನಡುವೆ ಜಾರಿತ್ತು. ನಾನು ನಿಂತದ್ದು, ಅವಳು ನಿಲ್ಲದಿದ್ದದ್ದು ಇಷ್ಟಕ್ಕೇ.

"ಏನವ್ವ ಮೂಸ್ತಿದ್ದೀಯ?" ಮಾವ ಕೇಳಿದರು.

"ಏನಿಲ್ಲ ಮಾವ. ಕೆಸರು," ಎಂದೆ. ಒಳಗೆ ಹೋಗಿ ಸೋಪು ಹಚ್ಚಿ ಕೈ ತೊಳೆದೆ. ವಾಸನೆ ಹೋಗಲಿಲ್ಲ. ಮತ್ತೆ ತೊಳೆದೆ.

ಹೇಳಬೇಕೋ ಬೇಡವೋ ಎಂಬುದಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಶಶಿ ತನ್ನ ಬೆರಳುಗಳನ್ನು ನೋಡಿಕೊಂಡ ರೀತಿ ಕಣ್ಣಿಗೆ ಕಟ್ಟಿತ್ತು. ಸಂಜೆ ಆಸ್ಪತ್ರೆಯಲ್ಲಿ ಅವಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ನಗು ಬಂತು. ನಕ್ಕರೆ ಮೂಳೆ ನೋಯುತ್ತಿತ್ತು, ನೋವಿಗೆ "ಅಯ್ಯಪ್ಪಾ" ಅನ್ನುತ್ತಾ ನಕ್ಕಳು. "ಹಂಗಾದ್ರೆ ಪ್ಯಾಡು ಕೂತಿದ್ದಲ್ಲ, ಅಪ್ಪಾಜಿ ಅದ್ರ ಬಾಯ್ ಮುಚ್ಚಿಸಿದ್ದು!" ಎಂದಳು. ನಗುತ್ತಾ ನಗುತ್ತಾ ಅಳು ಶುರುವಾಯಿತು.

"ನನ್ ಕೈ ಅಲ್ವಲ್ಲ ಅತ್ತಿಗೆ. ನಾನು ಬಿಗಿ ಮಾಡಿದ್ದು ಒಂದೂ ಬಿಚ್ಕೊಂಡಿರ್ಲಿಲ್ಲ ಅಲ್ವಾ?"

"ಒಂದೂ ಇಲ್ಲ ಕಣೇ. ಗೀಟು ಎಲ್ಲ ನೆಟ್ಟಗೇ ಇವೆ."

ಕಣ್ಣೊರೆಸಿಕೊಂಡು ಹೇಳಿದಳು. "ಅಣ್ಣಂಗೆ ಹೇಳು. ಅಪ್ಪಾಜಿಗೆ ಮಾತ್ರ ಬ್ಯಾಡ. ಗೊತ್ತಾದ್ರೆ ಅವ್ರು ಉಣ್ಣಲ್ಲ."

ನಾಗೇಶರಿಗೆ ಹೇಳಿದೆ. ಅವರು ಆಗಲೇ ಪಾನಾ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದಿದ್ದರು. ಮಾರನೆಯ ದಿನ ಅದನ್ನು ತಾವೇ ಇಳಿಸಿ ಮನೆಯಲ್ಲಿ ತಂಗಿಯ ಮಂಚದ ಕೆಳಗೆ ಇಟ್ಟರು.

ಮೂಳೆ ಕೂಡುವವರೆಗೆ ಮ್ಯಾನೇಜರು ಕಾದರು. ಶಶಿ ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದಳು, ತಟ್ಟೆಗಳನ್ನು ಬಿಚ್ಚಿ ತೊಳೆದು ಹೊಸ ಪ್ಯಾಡು ಹಾಕಿದಳು. ಚಳಿಗಾಲದಲ್ಲಿ ಕೆಲಸ ಅವಳದಾಯಿತು. ಈಗ ವಾರದಲ್ಲಿ ಹಲವು ಬೆಳಿಗ್ಗೆ ಅತಿಥಿಗಳ ಮುಂದೆ ಅದೇ ದಿಣ್ಣೆ ಹತ್ತಿ ಅದೇ ಇಳಿಜಾರು ಇಳಿಯುತ್ತಾಳೆ. ಅವಳಿಗೆ ಹೆದರಿಕೆ ಹೋಗಿದೆ. ನನ್ನದು ಹೋಗಿಲ್ಲ. ಅವಳು ಹೊರಡುವ ಮುಂಚೆ ಯಾರಿಗೂ ಕಾಣದಂತೆ ಅಂಗಳಕ್ಕೆ ಬಂದು ತಟ್ಟೆಗಳ ಅಂಚಿಗೆ ಬೆರಳ ತುದಿ ತಾಕಿಸಿ ಮೂಸುತ್ತೇನೆ. ಬೆರಳ ಜಿಡ್ಡೂ ಆಗದು ಎಂದವಳಿಗೆ ಗೊತ್ತಾದರೆ ಬೈಯುತ್ತಾಳೆ ಎಂದು ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸುತ್ತೇನೆ.

ಬೇಸಿಗೆಯಲ್ಲಿ ಒಂದು ದಿನ ಕೊಟ್ಟಿಗೆಯ ಕಂಬದ ಮೇಲೆ ಬರೀ ಮೊಳೆ ಕಂಡಿತು. ಬಿದಿರು ಗೊಟ್ಟ ಇರಲಿಲ್ಲ. ಹಳೆಯದು, ಸೀಳಿಹೋಗಿರಬೇಕು ಅಂದುಕೊಂಡೆ. ಬಾವಿಯ ರಾಟೆ ಕಿರುಗುಡತೊಡಗಿದ್ದೂ ಆಗಲೇ. ಅದನ್ನೂ ನಾನು ಗಮನಿಸಿ ಮರೆತೆ.

ಈ ವರ್ಷದ ದಸರಾ ಹತ್ತಿರ ಬಂದಂತೆ ನಾನು ದಿನಕ್ಕೆರಡು ಸಲ ತಟ್ಟೆ ಮೂಸತೊಡಗಿದೆ. ಶಶಿ ಆಯುಧಪೂಜೆಯ ಹಿಂದಿನ ದಿನವೇ ಸವೆದ ಪ್ಯಾಡುಗಳನ್ನು ಬದಲಿಸಿ, ತಟ್ಟೆಗಳಿಗೆ ಹಳೆ ಪಂಚೆಯ ಬಟ್ಟೆ ಸುತ್ತಿ, ಮೇಲೆ ಅರಿಶಿನ ದಾರ ಕಟ್ಟಿದಳು. "ಹೊಸ ಶಾಸ್ತ್ರ ಕಣಪ್ಪಾಜಿ," ಎಂದಳು. ಮಾವ ಆ ಕಟ್ಟನ್ನು ನೋಡಿದರು. ಯಾಕೆ ಎಂದು ಕೇಳಲಿಲ್ಲ. ಎಲ್ಲಕ್ಕೂ ವಿಭೂತಿ ಇಟ್ಟು ಹೂ ಮುಡಿಸಿ ಆರತಿ ಎತ್ತಿದರು. ಈ ಸಲ ಕುಡುಗೋಲಿಗೂ ಎಣ್ಣೆ ಸವರಲಿಲ್ಲ.

ಅದೇ ದಿನ ಪಕ್ಕದ ಮನೆಯ ಬಾಣಂತಿಯ ತಾಯಿಗೆ ಹೋಳಿಗೆ ಕೊಡಲು ಹೋಗಿದ್ದೆ. ಇಷ್ಟು ಒಳ್ಳೆ ಹರಳೆಣ್ಣೆ ಎಲ್ಲಿಂದ ತರಿಸಿದಿರಿ ಎಂದು, ಮೂಗು ಮುಚ್ಚಿಕೊಳ್ಳುವ ಆಸೆ ತಡೆದು, ಮಾತಿಗೆ ಕೇಳಿದೆ.

"ನಿಮ್ಮ ಮಾವಾರೇ ಅಲ್ವರಾ ಕೊಟ್ಟದ್ದು," ಎಂದರು ಅವರು. "ಬೇಸ್ಗೇಲೇ, ಬಾಣಂತನಕ್ಕಾಯ್ತದೆ ಅಂತ, ಮನೇಲಿದ್ದ ಎಣ್ಣೆನೆಲ್ಲ ಗೊಟ್ಟದ ಸಮೇತ ತಂದು ಕೊಟ್ಬುಟ್ರು. ನಮ್ಗೆ ಇನ್ನು ಇದ್ರ ಸಾವಾಸ ಬ್ಯಾಡ ಅಂದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ."

ವಿಜಯದಶಮಿಯ ಬೆಳಿಗ್ಗೆ ಶಶಿಗೆ ಅತಿಥಿಗಳಿದ್ದರು. ಅವಳು ಸ್ನಾನಕ್ಕೆ ಹೋದಾಗ ನಾನು ಬೆರಳು ತಾಕಿಸಿ ನೋಡಲು ಅಂಗಳಕ್ಕೆ ಬಂದೆ. ಸೈಕಲ್ಲಿನ ಮುಂದೆ ಮಾವ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಟ್ಟೆಯ ಸುತ್ತು ಬಿಚ್ಚಿತ್ತು. ಒಂದು ಕೈಯಲ್ಲಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಒಣ ಬಟ್ಟೆ ಹಿಡಿದು ತಟ್ಟೆ ಒರೆಸುತ್ತಿದ್ದರು. ಒರೆಸಿ, ಬೆರಳಿನಿಂದ ಅಂಚು ಸವರಿ, ಮೂಗಿನ ಹತ್ತಿರ ಹಿಡಿದರು. ಹೋದ ವರ್ಷ ನಾನು ಹಿಡಿದಂತೆಯೇ.

ನೆರಳು ಬಿದ್ದದ್ದಕ್ಕೆ ತಲೆ ಎತ್ತಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ನೀನೂ ಬಂದ್ಯಾ," ಎಂದರು. "ವಾಸ್ನೆ ಇಲ್ಲ ಕಣವ್ವ. ದಿನಾ ನೋಡ್ತೀನಿ."

ನಾನು ಬೆರಳು ಮಡಚಿ ಸೆರಗಿನೊಳಗೆ ಎಳೆದುಕೊಂಡೆ.

"ಆವತ್ತು ಕೆಸರು ಅಂದಲ್ಲ. ಕೆಸರನ್ನ ಯಾರವ್ವ ಮೂಸ್ತಾರೆ?" ಎಂದು ಮೊಣಕಾಲು ಹಿಡಿದು ಎದ್ದರು. "ಅಮ್ಮಿಗೆ ಏಳ್ಬ್ಯಾಡ, ನಂಗೆ ಗೊತ್ತದೆ ಅಂತ. ಸಂಕಟ ಪಟ್ಕತದೆ."

ಶಶಿ ತಲೆಗೆ ಹೆಲ್ಮೆಟ್ ಸಿಕ್ಕಿಸುತ್ತಾ ಬಂದು, ನಮ್ಮಿಬ್ಬರನ್ನೂ ನೋಡಿ, "ಏನಿಬ್ರೂ ಸೈಕಲ್ ಕಾಯ್ತಾ ನಿಂತಿದ್ದೀರ, ಕದ್ಕೊಂಡು ಹೋಗ್ತಾರಾ?" ಎಂದು ನಕ್ಕು ಹತ್ತಿ ಹೊರಟಳು. ಬೀದಿಯ ತಿರುವಿನಲ್ಲಿ ಮರೆಯಾದಳು. ನಾನೂ ಮಾವನೂ ಗೇಟಿನ ಬಳಿ ಕಿವಿಗೊಟ್ಟು ನಿಂತೆವು. ತಿರುವಿನಾಚೆ, ಬೀದಿ ರಸ್ತೆಗೆ ಸೇರುವಲ್ಲಿ, ಅವಳು ಬ್ರೇಕ್ ಹಿಡಿದಿರಬೇಕು. ಬೀದಿಗೆಲ್ಲ ಕೇಳುವಂತೆ ಕಿರ್ರ್ ಎಂದಿತು.

ಮಾವನ ಮುಖ ಅಭ್ಯಾಸಬಲದಿಂದ ಕಿವುಚಿತು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು.

"ಕಿರುಗುಡ್ತಾ ಅದೆ," ಎಂದರು. "ಕಿರುಗುಡ್ಲಿ ಬುಡು."